ದೀಪಾವಳಿಯ ಇರುಳು ಮತ್ತು ಗೌತಮ ಗಣಧರರು

ದೀಪಾವಳಿಯ ದಿನಗಳಲ್ಲಿ ದೀಪವಿಲ್ಲದ ಹೊಸ್ತಿಲು ಕಾಣಸಿಗುವುದು ಅಪರೂಪ. ಆದರೆ ಹೊಸ್ತಿಲಿನ ಒಳಗಿನ ಬೆಳಕು ಎಲ್ಲ ಮನೆಗಳಲ್ಲಿಯೂ ಒಂದೇ ಸಮನಾಗಿ ಇರುವುದಿಲ್ಲ. ಕಳೆದ ವರ್ಷ ಮಕ್ಕಳ ತಲೆಗೆ ಎಣ್ಣೆಯೊತ್ತಿ ನೀರೆರೆದ ತಾಯಿ ಈ ವರ್ಷ ಇಲ್ಲದ ಮನೆಯಿದೆ. ದೂರದೇಶದಲ್ಲಿರುವ ಮಗನ ಕರೆಗಾಗಿ ಕಾದು ಕುಳಿತ ವೃದ್ಧ ದಂಪತಿಯಿದ್ದಾರೆ. ನೆರೆಮನೆಯ ಸಡಗರಕ್ಕೆ ಸರಿಗಟ್ಟಲೆಂದು ಸಾಲ ಮಾಡಿ, ಹಬ್ಬ ಮುಗಿಯುವ ಮುನ್ನವೇ ಅದರ ಕಂತಿನ ಲೆಕ್ಕದಲ್ಲಿ ನಿದ್ರೆಗೆಟ್ಟವರಿದ್ದಾರೆ. ಉಳಿದ ದಿನಗಳಲ್ಲಿ ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗುವ ಕೊರತೆಯೊಂದು ಹಬ್ಬದ ದಿನ ಎಲೆಯ ಮುಂದೆ ಬಂದು ಕುಳಿತುಕೊಳ್ಳುತ್ತದೆ. ಎಲ್ಲರೂ ನಗುವಾಗ ತನಗೊಬ್ಬನಿಗೇ ನಗು ಬಾರದೆಂಬ ನಾಚಿಕೆ ಆ ನೋವಿನ ಮೇಲೆ ಇನ್ನೊಂದು ಹೊರೆಯಾಗುತ್ತದೆ.

ಜೈನ ಪರಂಪರೆಯಲ್ಲಿ ದೀಪಾವಳಿ ಹುಟ್ಟಿದ್ದೇ ಒಂದು ಅಗಲಿಕೆಯಿಂದ. ಭಗವಾನ್ ಮಹಾವೀರರು ನಿರ್ವಾಣ ಹೊಂದಿದ ಇರುಳದು. ಅಂದು ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಯಾರೆಂದು ಕೇಳಿದರೆ ಪರಂಪರೆ ತೋರಿಸುವುದು ಅವರ ಪ್ರಥಮ ಗಣಧರರಾದ ಇಂದ್ರಭೂತಿ ಗೌತಮರನ್ನು. ಅದೇ ದಿನ ಕೇವಲಜ್ಞಾನದ ಬೆಳಕನ್ನು ಕಂಡವರೂ ಅವರೇ.

ಇಂದ್ರಭೂತಿಯು ಮಗಧ ದೇಶದ ಗೋಬರ ಗ್ರಾಮದಲ್ಲಿ ಗೌತಮ ಗೋತ್ರದ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದನು. ತಂದೆ ವಸುಭೂತಿ, ತಾಯಿ ಪೃಥ್ವಿ. ಅಗ್ನಿಭೂತಿ ಮತ್ತು ವಾಯುಭೂತಿ ಅವನ ತಮ್ಮಂದಿರು. ವೇದ ವೇದಾಂಗಗಳಲ್ಲಿ ಪಾರಂಗತನಾದ ಅವನ ಬಳಿ 500 ಮಂದಿ ಶಿಷ್ಯರು ಓದುತ್ತಿದ್ದರು. ವಾದದಲ್ಲಿ ಅವನನ್ನು ಎದುರಿಸಿ ನಿಲ್ಲುವವರು ವಿರಳವಾಗಿದ್ದರು. ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ರೂಢಿಯಾದವನಿಗೆ ತನ್ನೊಳಗಿನ ಪ್ರಶ್ನೆಯನ್ನು ಹೊರಗೆ ಹಾಕುವುದು ಕಷ್ಟ. ಆತ್ಮವೆಂಬುದು ನಿಜವಾಗಿ ಇದೆಯೋ ಇಲ್ಲವೋ ಎಂಬ ಸಂದೇಹವೊಂದು ಅವನ ಹೃದಯದಲ್ಲಿ ಬಹುಕಾಲದಿಂದ ಇತ್ತೆಂದೂ, ಪಾಂಡಿತ್ಯದ ಕೀರ್ತಿಗೆ ಕುಂದು ಬಂದೀತೆಂದು ಅವನು ಅದನ್ನು ಯಾರ ಮುಂದೆಯೂ ಆಡಿರಲಿಲ್ಲವೆಂದೂ ಶ್ವೇತಾಂಬರ ಚರಿತೆಗಳು ಹೇಳುತ್ತವೆ.

ಗುರುವಿನ ಭೇಟಿಯ ವೃತ್ತಾಂತವು ಎರಡು ಪರಂಪರೆಗಳಲ್ಲಿ ಎರಡು ಬಗೆಯಾಗಿ ಬರುತ್ತದೆ. ದಿಗಂಬರ ಪುರಾಣಗಳ ಪ್ರಕಾರ, ಕೇವಲಜ್ಞಾನ ಲಭಿಸಿದ ಬಳಿಕ 66 ದಿನಗಳವರೆಗೆ ಮಹಾವೀರರ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಗ್ರಹಿಸಬಲ್ಲ ಗಣಧರನ ಕೊರತೆಯನ್ನು ಅರಿತ ಇಂದ್ರನು ಮುದುಕನ ವೇಷದಲ್ಲಿ ಇಂದ್ರಭೂತಿಯ ಬಳಿಗೆ ಬಂದು, ಜೈನ ತತ್ತ್ವಗಳನ್ನೊಳಗೊಂಡ ಶ್ಲೋಕವೊಂದರ ಅರ್ಥ ಕೇಳಿದನು. ಅರ್ಥ ಹೊಳೆಯದೆ ಕೆರಳಿದ ಪಂಡಿತನು ಆ ಮುದುಕನ ಗುರುವಿನೊಡನೆಯೇ ವಾದ ಮಾಡುವೆನೆಂದು ರಾಜಗೃಹದ ವಿಪುಲಾಚಲಕ್ಕೆ ನಡೆದನು. ಸಮವಸರಣದ ಮುಂದಿನ ಮಾನಸ್ತಂಭವನ್ನು ಕಂಡೊಡನೆ ಅವನ ಗರ್ವ ಇಳಿಯಿತು. ಮೂಡುಬಿದಿರೆಯಲ್ಲಿಯೂ ಶ್ರವಣಬೆಳಗೊಳದಲ್ಲಿಯೂ ಬಸದಿಗಳ ಮುಂದೆ ಇಂದಿಗೂ ನಿಂತಿರುವ ಮಾನಸ್ತಂಭಗಳು ಒಳಗೆ ಕಾಲಿಡುವವರಿಗೆ ನೆನಪಿಸುವುದು ಇದನ್ನೇ. ಶ್ವೇತಾಂಬರ ಪರಂಪರೆಯಲ್ಲಾದರೋ, ಪಾವಾದಲ್ಲಿ ಸೋಮಿಲನೆಂಬ ಬ್ರಾಹ್ಮಣನು ನಡೆಸುತ್ತಿದ್ದ ಯಜ್ಞಕ್ಕೆ ಬಂದಿದ್ದ ಇಂದ್ರಭೂತಿಯು ಮಹಾವೀರರನ್ನು ಸೋಲಿಸಲೆಂದು ಹೋಗುತ್ತಾನೆ. ಅವನು ಬಾಯಿ ತೆರೆಯುವ ಮೊದಲೇ ಅವರು ಅವನ ಹೆಸರು ಹಿಡಿದು ಕರೆದು, ಅವನು ಬಚ್ಚಿಟ್ಟಿದ್ದ ಸಂದೇಹವನ್ನು ತಾವಾಗಿಯೇ ಎತ್ತಿ ಪರಿಹರಿಸುತ್ತಾರೆ.

ಕಥೆಯ ದಾರಿ ಯಾವುದೇ ಇರಲಿ, ಅದು ಮುಟ್ಟುವ ಸ್ಥಳ ಒಂದೇ. ಗೆಲ್ಲಲು ಹೋದವನು ಶಿಷ್ಯನಾದನು. ಶ್ವೇತಾಂಬರ ಗಣನೆಯಂತೆ ಆಗ ಅವನ ವಯಸ್ಸು 50. ಅವನ ಹಿಂದೆಯೇ ತಮ್ಮಂದಿರಿಬ್ಬರೂ ದೀಕ್ಷೆ ಪಡೆದರು. ಮಹಾವೀರರ 11 ಮಂದಿ ಗಣಧರರಲ್ಲಿ ಇಂದ್ರಭೂತಿ ಗೌತಮರು ಮೊದಲಿಗರಾದರು.

ಮುಂದಿನ 30 ವರ್ಷಗಳ ಕಾಲ ಗೌತಮರು ಗುರುವಿನ ನೆರಳಿನಂತೆ ನಡೆದರು. ಒಂದು ಕಾಲದಲ್ಲಿ ಉತ್ತರ ಹೇಳುವುದನ್ನಷ್ಟೇ ಬಲ್ಲವರು ಈಗ ಪ್ರಶ್ನೆ ಕೇಳುವುದನ್ನು ಕಲಿತರು. ಭಗವತೀಸೂತ್ರದ ಬಹುಭಾಗ ಗೌತಮರ ಪ್ರಶ್ನೆ ಮತ್ತು ಮಹಾವೀರರ ಸಮಾಧಾನಗಳ ರೂಪದಲ್ಲಿಯೇ ಇದೆ; ಆ ಗ್ರಂಥದ ಪ್ರಶ್ನೆಗಳು 36,000 ಎಂದು ಪರಂಪರೆ ಎಣಿಸುತ್ತದೆ. ಅವುಗಳಲ್ಲಿ ಅನೇಕವು ಗೌತಮರಿಗೆ ತಿಳಿಯದೆ ಕೇಳಿದವಲ್ಲ, ಸಭೆಯಲ್ಲಿ ಕೇಳಲು ಸಂಕೋಚಪಡುವವರ ಪರವಾಗಿ ಕೇಳಿದವು ಎಂದು ಆಚಾರ್ಯರು ಭಾವಿಸಿದ್ದಾರೆ.

ಅವರ ವಿನಯ ಎಷ್ಟು ಆಳವಾಗಿತ್ತೆಂಬುದಕ್ಕೆ ವಾಣಿಜ್ಯಗ್ರಾಮದ ಆನಂದ ಶ್ರಾವಕನ ಪ್ರಸಂಗ ಸಾಕ್ಷಿ. ವ್ರತನಿಷ್ಠನಾದ ಆ ಗೃಹಸ್ಥನು ಸಲ್ಲೇಖನದಲ್ಲಿದ್ದಾಗ ತನಗೆ ಅವಧಿಜ್ಞಾನ ಉಂಟಾಗಿದೆಯೆಂದು ತಿಳಿಸಿದನು. ಗೃಹಸ್ಥನಿಗೆ ಅಷ್ಟು ವಿಸ್ತಾರವಾದ ಜ್ಞಾನ ಅಸಾಧ್ಯವೆಂದು ಭಾವಿಸಿದ ಗೌತಮರು, ಆಡಿದ ಮಾತಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಸೂಚಿಸಿದರು. ಸತ್ಯವನ್ನು ಹೇಳಿದವನಿಗೆ ಪ್ರಾಯಶ್ಚಿತ್ತವುಂಟೇ ಎಂಬುದು ಆನಂದನ ಮರುಪ್ರಶ್ನೆಯಾಗಿತ್ತು. ಗೌತಮರು ಗುರುಗಳ ಬಳಿಗೆ ಬಂದು ವಿಚಾರಿಸಿದಾಗ, ಆನಂದನ ಮಾತೇ ನಿಜವೆಂದು ತಿಳಿಯಿತು. ಇಡೀ ಸಂಘಕ್ಕೆ ಹಿರಿಯರಾದ ಅವರು ತಡಮಾಡದೆ ಹಿಂದಿರುಗಿ ಹೋಗಿ, ಹಾಸಿಗೆ ಹಿಡಿದಿದ್ದ ಗೃಹಸ್ಥನ ಕ್ಷಮೆ ಬೇಡಿದರು.

ಇಷ್ಟೆಲ್ಲ ಜ್ಞಾನ, ತಪಸ್ಸು, ವಿನಯಗಳಿದ್ದರೂ ಗೌತಮರ ಮನಸ್ಸನ್ನು ಒಂದು ಖಿನ್ನತೆ ಕಾಡುತ್ತಿತ್ತು. ಅವರಿಂದ ಉಪದೇಶ ಪಡೆದವರು ಒಬ್ಬೊಬ್ಬರಾಗಿ ಕೇವಲಜ್ಞಾನ ಹೊಂದುತ್ತಿದ್ದರು. ಅವರಿಗೆ ಮಾತ್ರ ಅದು ದೊರೆತಿರಲಿಲ್ಲ. ಅಷ್ಟಾಪದ ಪರ್ವತವನ್ನು ಏರಲಾಗದೆ ಬಳಲಿದ್ದ 1500ಕ್ಕೂ ಹೆಚ್ಚು ತಾಪಸರಿಗೆ ಅವರು ದೀಕ್ಷೆಯಿತ್ತು, ಪುಟ್ಟ ಪಾತ್ರೆಯೊಂದರ ಪಾಯಸದಿಂದಲೇ ಅಷ್ಟೂ ಮಂದಿಯ ಹಸಿವನ್ನು ತಣಿಸಿದ ಕಥೆ ಶ್ವೇತಾಂಬರರಲ್ಲಿ ಪ್ರಸಿದ್ಧವಾಗಿದೆ. ಆ ತಾಪಸರೆಲ್ಲರೂ ಮಹಾವೀರರ ಸನ್ನಿಧಿಯನ್ನು ತಲುಪುವ ಹೊತ್ತಿಗೆ ಕೇವಲಿಗಳಾಗಿಬಿಟ್ಟಿದ್ದರು. ದಾರಿ ತೋರಿಸಿದವರು ಹೊರಗೆ ನಿಂತಿದ್ದರು. ನಿನ್ನೆ ಬಂದವರು ಒಳಗೆ ಹೋಗಿದ್ದರು. ಎಲ್ಲರ ಎಲೆಗೂ ಬಡಿಸಿ ತಾನು ಹಸಿದು ನಿಂತ ಮನೆಯೊಡತಿಯ ಮನಸ್ಸಿನಂತಿತ್ತು ಅವರ ಮನಸ್ಸು.

ಶಿಷ್ಯನ ಕಳೆಗುಂದಿದ ಮುಖವನ್ನು ಕಂಡ ಮಹಾವೀರರು ಅವರನ್ನು ಗದರಿಸಲಿಲ್ಲ. ಬಲವಂತದ ಉತ್ಸಾಹವನ್ನೂ ತುಂಬಲಿಲ್ಲ. ಇಬ್ಬರ ನಡುವಿನ ಸ್ನೇಹ ಇಂದಿನದಲ್ಲ, ಹಲವು ಜನ್ಮಗಳಿಂದ ಬೆಳೆದು ಬಂದುದು ಎಂದು ತಿಳಿಸಿದರು. ಆ ಸ್ನೇಹದ ಎಳೆಯೇ ಮುಂದಿನ ಹೆಜ್ಜೆಯನ್ನು ತಡೆದಿದೆಯೆಂದರು. ಈ ದೇಹಗಳು ಕಳಚಿದ ಬಳಿಕ ಇಬ್ಬರೂ ಸಮಾನರಾಗುವೆವೆಂಬ ಭರವಸೆಯನ್ನೂ ಇತ್ತರು. ಉತ್ತರಾಧ್ಯಯನ ಸೂತ್ರದ ಹತ್ತನೆಯ ಅಧ್ಯಯನ ಇಡಿಯಾಗಿ ಗೌತಮರನ್ನುದ್ದೇಶಿಸಿದೆ. ಹಣ್ಣಾಗಿ ಉದುರುವ ಎಲೆಯನ್ನೂ ದರ್ಭೆಯ ತುದಿಯಲ್ಲಿ ತೂಗುವ ಹನಿಯನ್ನೂ ಬಾಳಿಗೆ ಹೋಲಿಸಿ, ಕ್ಷಣಮಾತ್ರವೂ ಮೈಮರೆಯಬಾರದೆಂದು ಅದು ಎಚ್ಚರಿಸುತ್ತದೆ. ಗೌತಮರಂಥವರಿಗೂ ಈ ಎಚ್ಚರಿಕೆಯನ್ನು ಮತ್ತೆ ಮತ್ತೆ ಹೇಳಬೇಕಾಯಿತೆಂಬುದು ಸಾಮಾನ್ಯರಿಗೆ ಸಮಾಧಾನ ತರುವ ಸಂಗತಿ.

ಕ್ರಿಸ್ತಪೂರ್ವ 527ರ ವರ್ಷಾಕಾಲ. 72ನೆಯ ವಯಸ್ಸಿನಲ್ಲಿದ್ದ ಮಹಾವೀರರು ಪಾವಾದಲ್ಲಿದ್ದರು. ಬಿಹಾರದ ನಳಂದಾ ಜಿಲ್ಲೆಯಲ್ಲಿ ತಾವರೆಕೆರೆಯ ನಡುವೆ ಜಲಮಂದಿರವಿರುವ ಪಾವಾಪುರಿಯೇ ಆ ಸ್ಥಳವೆಂದು ಯಾತ್ರಿಕರು ಇಂದು ಪೂಜಿಸುತ್ತಾರೆ. ಉತ್ತರದ ಪಂಚಾಂಗದಂತೆ ಕಾರ್ತಿಕ ಮಾಸದ, ಕನ್ನಡ ನಾಡಿನ ಪಂಚಾಂಗದಂತೆ ಆಶ್ವಯುಜ ಮಾಸದ ಅಮಾವಾಸ್ಯೆ ಅದು. ಅಂದು ಮಹಾವೀರರು ಗೌತಮರನ್ನು ಸಮೀಪದ ಗ್ರಾಮದಲ್ಲಿದ್ದ ದೇವಶರ್ಮನೆಂಬ ಬ್ರಾಹ್ಮಣನಿಗೆ ಉಪದೇಶ ನೀಡಿ ಬರಲು ಕಳುಹಿಸಿದರೆಂದು ಶ್ವೇತಾಂಬರ ಚರಿತೆಗಳು ಹೇಳುತ್ತವೆ. ಗೌತಮರು ಗುರುವಿನ ಆಜ್ಞೆಯನ್ನು ಶಿರಸಾವಹಿಸಿ ಹೋದರು. ಕೆಲಸ ಮುಗಿಸಿ ಹಿಂದಿರುಗುವಾಗ, ಭಗವಂತರು ನಿರ್ವಾಣ ಹೊಂದಿದ ಸುದ್ದಿ ಅವರ ಕಿವಿಗೆ ಬಿತ್ತು.

30 ವರ್ಷ ಒಂದು ದಿನವೂ ಅಗಲದಿರಲು ಬಯಸಿದವರು ಕೊನೆಯ ಗಳಿಗೆಯಲ್ಲಿ ದೂರವಿದ್ದರು. ಗೌತಮರ ದುಃಖ ಕಟ್ಟೆಯೊಡೆಯಿತು. ಜ್ಞಾನಿಗಳೆಂಬ ಕಾರಣಕ್ಕೆ ಚರಿತಕಾರರು ಅದನ್ನು ಮರೆಮಾಚಿಲ್ಲ. ಎಲ್ಲವನ್ನೂ ಬಲ್ಲ ಗುರುಗಳು ಅಂದೇ ತನ್ನನ್ನೇಕೆ ದೂರ ಮಾಡಿದರೆಂದು ಅವರು ಹಲುಬಿದರು. ಮಗುವಿನಂತೆ ಸೆರಗು ಹಿಡಿದು ತಡೆಯುವೆನೆಂದು ಅಂಜಿದರೇ, ಮೋಕ್ಷದಲ್ಲಿ ಪಾಲು ಕೇಳುವೆನೆಂದು ಬಗೆದರೇ ಎಂದು ಮುನಿಸಿಕೊಂಡರು. ಇನ್ನು ಸಂದೇಹ ಬಂದಾಗ ಯಾರ ಮುಂದೆ ಹೋಗಿ ನಿಲ್ಲುವುದು, ಪ್ರೀತಿಯಿಂದ ಹೆಸರು ಹಿಡಿದು ಕರೆಯುವವರು ಯಾರು ಎಂಬ ಶೂನ್ಯ ಅವರನ್ನು ಆವರಿಸಿತು. ತಾಯಿಯ ಕೊನೆಯುಸಿರಿನ ಹೊತ್ತಿಗೆ ದೂರದ ಊರಿನಲ್ಲಿದ್ದ ಮಗನಿಗೆ, ಆಸ್ಪತ್ರೆಯ ಬಾಗಿಲಿಗೆ ಒಂದು ಗಳಿಗೆ ತಡವಾಗಿ ಬಂದ ಮಗಳಿಗೆ ಈ ಅಳಲು ಅಪರಿಚಿತವಲ್ಲ.

ಇಂಥ ಚಿತ್ತಸ್ಥಿತಿಗೆ ಜೈನ ಶಾಸ್ತ್ರವು ಆರ್ತಧ್ಯಾನವೆಂಬ ಹೆಸರಿಟ್ಟಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಅದರಲ್ಲಿ ನಾಲ್ಕು ಬಗೆಗಳನ್ನು ಗುರುತಿಸುತ್ತದೆ. ಬೇಡವಾದುದು ಬಂದು ಸೇರಿದಾಗ ಅದು ತೊಲಗಲೆಂದು ಹಂಬಲಿಸುವುದು ಅನಿಷ್ಟಸಂಯೋಗ. ಪ್ರಿಯವಾದುದು ಅಗಲಿದಾಗ ಅದು ಮರಳಲೆಂದು ಕೊರಗುವುದು ಇಷ್ಟವಿಯೋಗ. ಮೈಯ ನೋವಿನಲ್ಲಿಯೇ ಮನಸ್ಸು ಮುಳುಗುವುದು ವೇದನಾ. ಮುಂದೆ ದೊರೆಯಬೇಕಾದ ಭೋಗಗಳಿಗಾಗಿ ಚಿತ್ತವನ್ನು ಒತ್ತೆಯಿಡುವುದು ನಿದಾನ. ಹಬ್ಬದ ದಿನಗಳ ಬೇಗುದಿಗೆ ಇವು ನಾಲ್ಕೂ ಹಿಡಿದ ಕನ್ನಡಿಯಂತಿವೆ. ಮಾತು ಬಿಟ್ಟ ಬಂಧುವಿನೊಡನೆ ಒಂದೇ ಪಂಕ್ತಿಯಲ್ಲಿ ಕೂರಬೇಕಾದ ಇರುಸುಮುರುಸು, ಖಾಲಿಯಾದ ಕುರ್ಚಿಯೊಂದರ ಕಡೆಗೆ ಹರಿಯುವ ಕಣ್ಣು, ಕೆಲಸದ ಹೊರೆಯಿಂದ ಸೋತ ಸೊಂಟ, ಪರರ ಮನೆಯ ವೈಭವ ತನ್ನ ಮನೆಗೆ ಎಂದು ಬಂದೀತೆಂಬ ಲೆಕ್ಕಾಚಾರ: ಇವೆಲ್ಲ ಒಟ್ಟಾಗಿ ಮೇಲೆರಗಿದಾಗ ಮನಸ್ಸಿಗೆ ತನ್ನ ದುಃಖವಾವುದೆಂದೇ ತಿಳಿಯದು. ಹೆಸರು ಗೊತ್ತಾದ ದುಃಖವನ್ನು ಎದುರು ಕೂರಿಸಿಕೊಂಡು ನೋಡಬಹುದು. ಹೆಸರಿಲ್ಲದ ದುಃಖ ಇಡೀ ಹಬ್ಬವನ್ನೇ ನುಂಗುತ್ತದೆ.

ಗೌತಮರು ಮಾಡಿದ್ದು ಅದನ್ನೇ. ಅಳುವಷ್ಟು ಅತ್ತ ಬಳಿಕ ಅವರ ವಿಚಾರ ತನ್ನತ್ತಲೇ ತಿರುಗಿತು. ಯಾರಿಗಾಗಿ ಅಳುತ್ತಿರುವೆನೋ ಅವರು ವೀತರಾಗರು. ಹಾಗಾದರೆ ದೂರ ಕಳುಹಿಸಿದುದರಲ್ಲಿ ನಿರ್ದಯೆ ಎಲ್ಲಿಯದು? ಗುರುವಿನ ಉಪದೇಶ ಎಲ್ಲಿಯೂ ಹೋಗಿಲ್ಲ. ಹೋದುದು ಅವರ ಸಾಮೀಪ್ಯವೊಂದೇ. ಹಿಡಿದುಕೊಂಡ ಕೈ ತನ್ನದು, ನೋಯುತ್ತಿರುವುದೂ ಅದೇ ಕೈ. ಆತ್ಮ ಒಂಟಿಯಾಗಿ ಬರುತ್ತದೆ, ಒಂಟಿಯಾಗಿ ನಡೆಯುತ್ತದೆ ಎಂಬ ಏಕತ್ವಾನುಪ್ರೇಕ್ಷೆಯನ್ನು ಅವರು ಸಾವಿರಾರು ಮಂದಿಗೆ ಬೋಧಿಸಿದ್ದರು. ಅಂದು ಅದನ್ನು ತಮಗೆ ತಾವೇ ಹೇಳಿಕೊಂಡರು. ಗುರುವಿನ ಮೇಲಿನ ಪೂಜ್ಯಭಾವ ಉಳಿಯಿತು, ಅಂಟು ಕಳಚಿತು. ಆ ಎಳೆ ಹರಿದೊಡನೆ ಅವರಿಗೆ ಕೇವಲಜ್ಞಾನ ಪ್ರಾಪ್ತವಾಯಿತು. ದಿಗಂಬರ ಪರಂಪರೆಯಲ್ಲಿ ಈ ವಿಲಾಪದ ವಿವರಗಳಿಲ್ಲದಿದ್ದರೂ, ಮಹಾವೀರರು ನಿರ್ವಾಣ ಹೊಂದಿದ ದಿನದಂದೇ ಗೌತಮರು ಕೇವಲಿಗಳಾದರೆಂಬುದರಲ್ಲಿ ಎರಡೂ ಪರಂಪರೆಗಳು ಒಂದಾಗಿವೆ.

ಆ ಇರುಳು ಪಾವಾದಲ್ಲಿ ನೆರೆದಿದ್ದ ಮಲ್ಲ ಮತ್ತು ಲಿಚ್ಛವಿ ಗಣಗಳ 18 ಮಂದಿ ಅರಸರು ಉಪವಾಸವಿದ್ದು ದೀಪಗಳನ್ನು ಬೆಳಗಿಸಿದರೆಂದು ಕಲ್ಪಸೂತ್ರ ತಿಳಿಸುತ್ತದೆ. ಜ್ಞಾನದ ಬೆಳಕು ಮರೆಯಾದುದರಿಂದ ಹಣತೆಯ ಬೆಳಕನ್ನಾದರೂ ಹಚ್ಚೋಣವೆಂಬುದು ಅವರ ಸಂಕಲ್ಪವಾಗಿತ್ತು. ಮೊದಲ ದೀಪಾವಳಿಯಲ್ಲಿ ಭಕ್ಷ್ಯಗಳಿರಲಿಲ್ಲ, ಉಡುಗೊರೆಗಳಿರಲಿಲ್ಲ. ದುಃಖದಲ್ಲಿದ್ದವರು ದುಃಖದಲ್ಲಿಯೇ ಇದ್ದು ಹಚ್ಚಿದ ದೀಪಗಳು ಅವು. ಕಪಿಲಾ ನದಿಯ ಸೀಮೆಯ ಪುನ್ನಾಟದ ಹೆಸರನ್ನು ಹೊತ್ತ ಪುನ್ನಾಟ ಸಂಘದ ಆಚಾರ್ಯ ಜಿನಸೇನರು ಕ್ರಿಸ್ತಶಕ 783ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿಯೂ, ಪಾವಾ ನಗರ ಅಂದು ದೀಪಗಳಿಂದ ಬೆಳಗಿದುದನ್ನು ವರ್ಣಿಸಿ, ಜನರು ಅಂದಿನಿಂದ ವರ್ಷವರ್ಷವೂ ಈ ಪರ್ವವನ್ನು ಆಚರಿಸುತ್ತಿರುವರೆಂದು ಹೇಳಿದ್ದಾರೆ. ಇಂದಿಗೂ ಬಸದಿಗಳಲ್ಲಿ ಅಮಾವಾಸ್ಯೆಯ ಬೆಳಗಿನ ಜಾವ ಮಹಾವೀರರ ನಿರ್ವಾಣಪೂಜೆ ನಡೆಯುತ್ತದೆ. ಸಂಜೆ ಗೌತಮ ಗಣಧರರ ಹಾಗೂ ಕೇವಲಜ್ಞಾನ ಲಕ್ಷ್ಮಿಯ ಆರಾಧನೆ ನಡೆಯುತ್ತದೆ. ಬೆಳಿಗ್ಗೆ ಬೀಳ್ಕೊಡುಗೆ, ಸಂಜೆ ಬೆಳಕು. ನಡುವಿನ ಹಗಲು ಗೌತಮರದು.

ಎಲ್ಲರೂ ಗೌತಮರಾಗಲಾರರು. ಒಂದು ಇರುಳಿನ ವಿಚಾರದಿಂದ ಶೋಕವನ್ನು ದಾಟುವ ಶಕ್ತಿ ಬಹುಮಂದಿಗೆ ಇರುವುದಿಲ್ಲ. ಅಂಥವರಿಗಾಗಿಯೋ ಎಂಬಂತೆ ಶ್ವೇತಾಂಬರ ಪರಂಪರೆ ಅದೇ ದಿನಗಳ ಇನ್ನೊಂದು ಘಟನೆಯನ್ನು ಕಾಪಾಡಿಕೊಂಡು ಬಂದಿದೆ. ಮಹಾವೀರರ ಅಣ್ಣ ನಂದಿವರ್ಧನನು ತಮ್ಮನ ನಿರ್ವಾಣದ ಸುದ್ದಿ ಕೇಳಿ ಅನ್ನ ಬಿಟ್ಟು ಕುಳಿತನು. ಅರಮನೆಯಲ್ಲಿ ಯಾರ ಸಮಾಧಾನವೂ ನಾಟಲಿಲ್ಲ. ಬಿದಿಗೆಯ ದಿನ ಸಹೋದರಿ ಸುದರ್ಶನೆ ಅವನನ್ನು ತನ್ನ ಮನೆಗೆ ಕರೆಸಿಕೊಂಡು, ಸಂತೈಸಿ, ಊಟಕ್ಕೆ ಬಡಿಸಿದಳು. ಅವನಷ್ಟೇ ಕಳೆದುಕೊಂಡವಳು ಅವಳೂ. ಸೋದರ ಬಿದಿಗೆಯ ಆಚರಣೆಗೆ ಆ ಪರಂಪರೆ ಹೇಳುವ ಮೂಲ ಇದು. ಉತ್ತರ ಕರ್ನಾಟಕದ ಅಕ್ಕನ ತದಿಗೆಯಲ್ಲಿಯೂ ಸೋದರಿಯ ಕೈಯ ಊಟಕ್ಕೆ ಇದೇ ಬೆಲೆಯಿದೆ. ಶೋಕದಲ್ಲಿರುವವನಿಗೆ ಸುದರ್ಶನೆ ತತ್ತ್ವ ಹೇಳಲು ಹೊರಡಲಿಲ್ಲ. ಎಲೆ ಹಾಕಿದಳು, ಪಕ್ಕದಲ್ಲಿ ಕುಳಿತಳು. ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನಗಳೆಂಬ ನಾಲ್ಕು ದಾನಗಳಲ್ಲಿ ಊಟಕ್ಕೂ ಮದ್ದಿಗೂ ಶಾಸ್ತ್ರದಷ್ಟೇ ಸ್ಥಾನವಿರುವುದು ಮನುಷ್ಯನ ಈ ಅಗತ್ಯಗಳನ್ನು ಅರಿತೇ. ಹಬ್ಬ ಕಳೆದ ಮೇಲೂ ವಾರಗಟ್ಟಲೆ ಅನ್ನ ನಿದ್ರೆಗಳು ದೂರವಾಗಿ ಮನಸ್ಸು ಮೇಲೇಳದಿದ್ದರೆ, ಬಲ್ಲ ವೈದ್ಯರ ಬಳಿಗೆ ಹೋಗುವುದು ಶ್ರದ್ಧೆಯ ಕೊರತೆಯಾಗದು.

ಕೇವಲಜ್ಞಾನದ ಬಳಿಕ ಗೌತಮರು 12 ವರ್ಷ ವಿಹರಿಸಿ, 92ನೆಯ ವಯಸ್ಸಿನಲ್ಲಿ ನಿರ್ವಾಣ ಹೊಂದಿದರು. ಗುರುವಿಲ್ಲದ 12 ದೀಪಾವಳಿಗಳು ಅವರ ಬಾಳಿನಲ್ಲಿ ಬಂದು ಹೋದವು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಬಂಡೆಯ ಮೇಲೆ ಕೊರೆದ, ಸುಮಾರು ಕ್ರಿಸ್ತಶಕ 600ರ ಶಾಸನವೊಂದು ಮಹಾವೀರರೆಂಬ ಸೂರ್ಯ ಮುಳುಗಿದುದನ್ನು ಹೇಳಿ, ಅದರ ಬೆನ್ನಿಗೇ ಗೌತಮ ಗಣಧರರ ಹೆಸರನ್ನು ಹಿಡಿದು, ಆಚಾರ್ಯ ಪರಂಪರೆಯನ್ನು ಭದ್ರಬಾಹುಗಳವರೆಗೂ ಅದರಾಚೆಗೂ ಒಯ್ಯುತ್ತದೆ. ಸೂರ್ಯ ಮುಳುಗಿದ ಮೇಲೂ ಕತ್ತಲೆಗೆ ಎಡೆಯಾಗಲಿಲ್ಲವೆಂಬುದಕ್ಕೆ ಆ ಹೆಸರುಗಳ ಸಾಲೇ ಸಾಕ್ಷಿ.

ಗುಜರಾತಿನ ಶ್ವೇತಾಂಬರ ವರ್ತಕರು ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುವಾಗ, ಗೌತಮ ಸ್ವಾಮಿಯ ಲಬ್ಧಿ ತಮಗಿರಲೆಂದು ಅದರ ಮೊದಲ ಪುಟದಲ್ಲಿ ಬರೆಯುವ ರೂಢಿಯಿದೆ. ಪುಟ್ಟ ಪಾತ್ರೆಯ ಪಾಯಸ ಬರಿದಾಗದಂತೆ ಸಂಪತ್ತು ಬರಿದಾಗದಿರಲೆಂಬುದು ಅದರ ಆಶಯ. ಆದರೆ ಗೌತಮರ ನಿಜವಾದ ಅಕ್ಷಯಪಾತ್ರೆ ದೀಪಾವಳಿಯಂದು ಬರಿದಾದ ಅವರ ಕೈಗಳೇ. ಈ ಹಬ್ಬದಲ್ಲಿ ಮನಸ್ಸು ಭಾರವಾಗಿರುವವರು ತಾವು ಹಬ್ಬಕ್ಕೆ ಹೊರಗಿನವರೆಂದು ಭಾವಿಸಬೇಕಾಗಿಲ್ಲ. ಅಗಲಿದವರ ಹೆಸರಿನಲ್ಲಿ ಒಂದು ಹಣತೆ ಹಚ್ಚಿ, ಒಂದು ಸಾಮಾಯಿಕದ ಅವಧಿಯಾದ 48 ನಿಮಿಷ ಅದರ ಮುಂದೆ ಮೌನವಾಗಿ ಕುಳಿತು, ಬಳಿಕ ಎದ್ದು ಹೋಗಿ ಪಕ್ಕದ ಮನೆಯ ಒಂಟಿ ಜೀವವನ್ನು ಊಟಕ್ಕೆ ಕರೆದರೆ, ಪಾವಾದ ಮೊದಲ ದೀಪಾವಳಿಗೆ ಅದಕ್ಕಿಂತ ಹತ್ತಿರವಾದ ಆಚರಣೆ ಬೇರೊಂದಿಲ್ಲ.